ದುರ್ಗದಿಂದ ದಾವಣಗೆರೆ ‘ಒಂದೇ ಗಂಟೆ’: ಅಪ್‌ಡೌನ್ ಮಾಡಲೋ, ಮನೆ ಮಾಡಲೋ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಬಹಳ ವರ್ಷದಿಂದ ಆಸೆಪಟ್ಟಿದ್ದ ಕೆಲಸ ದಾವಣಗೆರೆಯಲ್ಲಿ ಸಿಕ್ಕಿದೆ. ಹೇಗೂ ಒಂದು ಗಂಟೆ ದಾರಿ, ಸಿಕ್ಸ್ ಲೇನ್ ರೋಡು. ದಿನಾ ಅಪ್‌ಡೌನ್ ಮಾಡಿದರೆ ಸಾಲದೇ? ಸುಮ್ಮನೆ ಬಾಡಿಗೆ ಯಾಕೆ ದಂಡ?

ಉತ್ತರ: ಕೆಲಸ ಸಿಕ್ಕಿದ್ದು ಸಂತೋಷ. ಆದರೆ ಆ ‘ಒಂದು ಗಂಟೆ’ಯನ್ನು ಮೊದಲು ಪಕ್ಕಕ್ಕಿಡಿ. ಹಿರಿಯೂರಿನವರು ಕೇಳಲಿ, ಹೊಳಲ್ಕೆರೆಯವರು ಕೇಳಲಿ, ಜಗಳೂರಿನವರು ಕೇಳಲಿ, ಊರು ಬದಲಾಗುತ್ತದೆ, ದೂರ ಬದಲಾಗುತ್ತದೆ, ‘ಒಂದು ಗಂಟೆ’ ಮಾತ್ರ ಬದಲಾಗುವುದೇ ಇಲ್ಲ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಲೆಕ್ಕ ಸಮೇತ ಹೇಳುತ್ತೇನೆ, ಕಾಗದ ಪೆನ್ನು ಹಿಡಿದೇ ಓದಿ.

ಈ ಒಂದು ಗಂಟೆ ಎಲ್ಲಿಂದ ಬಂತು? ಮದುವೆಗೆ ಹೋದ ಭಾನುವಾರದಿಂದ. ಜವಳಿ ತರಲು ಬೆಳಗ್ಗೆ ಹನ್ನೊಂದಕ್ಕೆ ಹೊರಟ ದಿನದಿಂದ. 1997ರ ಆಗಸ್ಟ್ 15ರವರೆಗೆ ಎರಡೂ ಊರು ಒಂದೇ ಜಿಲ್ಲೆಯಲ್ಲಿದ್ದವು. ಆಗ ದಾವಣಗೆರೆಯವರು ಡಿ.ಸಿ. ಆಫೀಸಿನ ಕೆಲಸಕ್ಕೆ ದುರ್ಗಕ್ಕೆ ಬಂದು ಸಂಜೆಯೊಳಗೆ ಮನೆ ಸೇರುತ್ತಿದ್ದರು. ‘ಇಲ್ಲೇ ಪಕ್ಕದ ಊರು’ ಎಂಬ ಭಾವನೆ ಹಾಗೆ ಬೇರೂರಿತು. ಅಪರೂಪಕ್ಕೆ ಹೋಗಿ ಬರುವ ದಾರಿಗೂ ತಿಂಗಳಿಗೆ ಇಪ್ಪತ್ತೈದು ದಿನ ಹಾಜರಿ ಹಾಕಬೇಕಾದ ದಾರಿಗೂ ವ್ಯತ್ಯಾಸವಿದೆ. ಹಾಜರಿ ಪುಸ್ತಕಕ್ಕೆ ಸರಾಸರಿ ಬೇಕಿಲ್ಲ. ತಡವಾದ ಆ ಒಂದು ದಿನವೇ ಅಲ್ಲಿ ಕೆಂಪು ಶಾಯಿಯಲ್ಲಿ ಕಾಣುವುದು.

ಬಸ್ ಸ್ಟ್ಯಾಂಡಿನಿಂದ ಬಸ್ ಸ್ಟ್ಯಾಂಡಿಗೆ ಸುಮಾರು 60 ಕಿಲೋಮೀಟರ್. ಕಾರು ಹೈವೇ ಮೇಲೆ ಇರುವಷ್ಟು ಹೊತ್ತು ಮಾತ್ರ ನಿಮ್ಮ ಒಂದು ಗಂಟೆ ನಿಜ. ನೀವು ಹೈವೇಯಲ್ಲಿ ಮಲಗುವುದಿಲ್ಲ, ಹೈವೇಯಲ್ಲಿ ಕೆಲಸ ಮಾಡುವುದೂ ಇಲ್ಲ. ಮನೆಗೆ ಬೀಗ ಹಾಕಿದ ಗಳಿಗೆಯಿಂದ ಕುರ್ಚಿಯಲ್ಲಿ ಕೂತ ಗಳಿಗೆಯವರೆಗೆ ಎಣಿಸಿ. ಮನೆಯಿಂದ ಸ್ಟ್ಯಾಂಡಿಗೆ 20 ನಿಮಿಷ. ಬಸ್ಸು ಬಂದು, ಸೀಟು ಹಿಡಿದು, ಅದು ಹೊರಡುವ ಹೊತ್ತಿಗೆ 15. ಊರಿನಿಂದ ಹೊರಬಿದ್ದು, ಭರಮಸಾಗರ ದಾಟಿ, ದಾವಣಗೆರೆಯ ಪಿ.ಬಿ. ರೋಡಿನ ಸಿಗ್ನಲ್ಲುಗಳಲ್ಲಿ ನಿಂತು ಸ್ಟ್ಯಾಂಡ್ ಮುಟ್ಟಲು 80. ಅಲ್ಲಿಂದ ಸಿಟಿ ಬಸ್ಸೋ ಆಟೋನೋ ಹಿಡಿದು ಕೆಲಸದ ಜಾಗಕ್ಕೆ 25. ಒಟ್ಟು 140 ನಿಮಿಷ. ಹೋಗಿ ಬರಲು 280. ಇಪ್ಪತ್ತೈದು ದಿನಕ್ಕೆ 7,000 ನಿಮಿಷ, ಅಂದರೆ ಹೆಚ್ಚುಕಡಿಮೆ 117 ಗಂಟೆ. ಎಂಟು ಗಂಟೆಗೊಂದು ಡ್ಯೂಟಿ ಅಂತ ಭಾಗಿಸಿದರೆ ಹದಿನಾಲ್ಕೂವರೆ ದಿನದ ಡ್ಯೂಟಿಯನ್ನು ಪ್ರತಿ ತಿಂಗಳು ಸಂಬಳವಿಲ್ಲದೆ ಬಸ್ಸಿನಲ್ಲಿ ಮಾಡುತ್ತೀರಿ.

ಇದರಲ್ಲೂ ಮೋಸ ಹೋಗುವುದು ಮಧ್ಯದ 80 ನಿಮಿಷದಲ್ಲಲ್ಲ, ಎರಡು ತುದಿಗಳಲ್ಲಿ. ‘ದಾವಣಗೆರೆ’ ಅಂತ ಆದೇಶದಲ್ಲಿ ಇದ್ದ ಮಾತ್ರಕ್ಕೆ ಕೆಲಸ ಬಸ್ ಸ್ಟ್ಯಾಂಡಿನ ಎದುರಿಗೆ ಇರುವುದಿಲ್ಲ. ದಾವಣಗೆರೆ ವಿಶ್ವವಿದ್ಯಾಲಯ ಇರುವುದು ಊರ ಹೊರಗಿನ ತೋಳಹುಣಸೆಯಲ್ಲಿ. ‘ಹರಿಹರದ ಫ್ಯಾಕ್ಟರಿ’ ಅಂತ ಎಲ್ಲರೂ ಕರೆಯುವ ಕುಮಾರಪಟ್ಟಣ ತುಂಗಭದ್ರೆಯ ಆಚೆ ದಡದಲ್ಲಿದೆ, ಜಿಲ್ಲೆಯೇ ಹಾವೇರಿ. ಈ ಕಡೆ ‘ಚಳ್ಳಕೆರೆಯಲ್ಲಿ ಕೆಲಸ’ ಅಂತ ಸಿಹಿ ಹಂಚಿದವರಿಗೆ ಆಮೇಲೆ ಗೊತ್ತಾಗುತ್ತದೆ, ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇರುವುದು ಕುದಾಪುರದಲ್ಲಿ ಅಂತ. ತಾಲ್ಲೂಕಿನ ಹೆಸರು ನೋಡಿ ದೂರ ಅಳೆಯಬೇಡಿ. ಗೇಟು ಎಲ್ಲಿದೆ, ಆ ಗೇಟಿನ ಮುಂದೆ ಯಾವ ಬಸ್ಸು ನಿಲ್ಲುತ್ತದೆ, ಅಷ್ಟೇ ಕೇಳಿ.

ಸಿಕ್ಸ್ ಲೇನ್ ಆದ ಮೇಲೆ ಬೇಗ ಆಯಿತಲ್ಲ ಅನ್ನುತ್ತೀರಿ. ಆಯಿತು, ಬೈಪಾಸಿನಲ್ಲೇ ಹೋಗುವವರಿಗೆ. ಉದ್ದ ದಾರಿಯ ಬಸ್ಸುಗಳಲ್ಲಿ ಕೆಲವು ಊರೊಳಗೆ ಬರುವುದೇ ಇಲ್ಲ, ಬೈಪಾಸಿನಲ್ಲಿ ಇಳಿಸಿ ಹೋಗುತ್ತವೆ. ಬಸ್ಸಿನಲ್ಲಿ ಉಳಿಸಿದ ಹತ್ತು ನಿಮಿಷವನ್ನೂ ಅದರ ಜೊತೆ ಐವತ್ತು ರೂಪಾಯಿಗೆ ಕಡಿಮೆಯಿಲ್ಲದ ದುಡ್ಡನ್ನೂ ಆಟೋದವನಿಗೆ ಕೊಡುತ್ತೀರಿ.

ಸಂಜೆಯ ಕಥೆ ಬೇರೆ. ಬೆಳಗ್ಗೆ ದುರ್ಗದಿಂದಲೇ ಹೊರಡುವ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಸಂಜೆ ಹುಬ್ಬಳ್ಳಿ ಕಡೆಯಿಂದ ಬರುವ ಬೆಂಗಳೂರು ಬಸ್ಸು ಮೊದಲೇ ತುಂಬಿರುತ್ತದೆ, ಜೊತೆಗೆ ಶುಕ್ರವಾರ, ಶನಿವಾರ ಕಂಡಕ್ಟರ್ ಬಾಗಿಲಲ್ಲೇ ನಿಂತು ‘ದುರ್ಗದವರು ಹತ್ತಬೇಡಿ’ ಅನ್ನುತ್ತಾನೆ. ಆರೂವರೆಗೆ ಹತ್ತಬೇಕಾದವರು ಏಳೂಕಾಲಿಗೆ ಹತ್ತುತ್ತಾರೆ. ಉಪಾಯ ಒಂದೇ: ದಾವಣಗೆರೆಯಿಂದಲೇ ಹೊರಡುವ ಗಾಡಿಗಳ ಸಮಯ ಬರೆದಿಟ್ಟುಕೊಂಡು ಅವಕ್ಕೇ ಕಾಯುವುದು.

ಈಗ ಬಾಡಿಗೆಯ ‘ದಂಡ’ದ ಮಾತು. ಹೆಚ್ಚಿನವರು ಬಸ್ ಚಾರ್ಜನ್ನೂ ಮನೆ ಬಾಡಿಗೆಯನ್ನೂ ಅಕ್ಕಪಕ್ಕ ಬರೆದು ಲೆಕ್ಕ ಮುಗಿಸುತ್ತಾರೆ. ಮಹಿಳೆಯರಾದರೆ ಆ ಕಾಲಮ್ಮಿನಲ್ಲಿ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ರಾಜಹಂಸ, ಐರಾವತ ಅದರಲ್ಲಿ ಬರುವುದಿಲ್ಲ, ಖಾಸಗಿ ಬಸ್ಸೂ ಇಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ ಓಡುವ ಹಾದಿಗಳಿವೆ, ಹೊತ್ತಾದಾಗ ಮೊದಲು ಬಂದದ್ದನ್ನೇ ಹತ್ತಬೇಕಾಗುತ್ತದೆ. ಗಂಡಸರು 2025ರ ಜನವರಿ 5ರಂದು ಶೇ. 15 ಏರಿದ ದರ ಕೊಡಲೇಬೇಕು. ಹಳೆಯ ನೆನಪಿನ ಚಾರ್ಜು ಹಿಡಿದು ಲೆಕ್ಕ ಹಾಕದೆ ಇವತ್ತಿನ ಟಿಕೆಟ್ ನೋಡಿ ಬರೆದುಕೊಳ್ಳಿ. ಅದಕ್ಕೆ ಎರಡೂ ಊರಿನ ಆಟೋ, ಮನೆ ಊಟ ತಪ್ಪಿದ ದಿನದ ಹೋಟೆಲ್, ಲಾಸ್ಟ್ ಬಸ್ಸು ತಪ್ಪಿದ ರಾತ್ರಿಯ ಲಾಡ್ಜು ಸೇರಿಸಿ. ಬಾಡಿಗೆಯ ಕಡೆಗೂ ಇನ್ನೊಂದು ಸಾಲಿದೆ: ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇದ್ದು, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ, ಕಟ್ಟಿದ ಬಾಡಿಗೆಗೆ ವಿನಾಯಿತಿ ಸಿಗುತ್ತದೆ. ಬಾಡಿಗೆಯು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ಕ್ಕಿಂತ ಎಷ್ಟು ಹೆಚ್ಚಿದೆಯೋ, ವಿನಾಯಿತಿ ಅದನ್ನು ಮೀರುವುದಿಲ್ಲ. ಹೊಸ ಪದ್ಧತಿ ಆರಿಸಿಕೊಂಡಿದ್ದರೆ ಈ ಸಾಲನ್ನು ಹೊಡೆದುಹಾಕಿ.

ಕಾರಿನಲ್ಲಿ ಹೋಗುತ್ತೇನೆ ಅನ್ನುವವರಿಗೆ: ದಿನಕ್ಕೆ 120, ತಿಂಗಳಿಗೆ 3,000 ಕಿಲೋಮೀಟರ್. ಲೀಟರಿಗೆ 18 ಕೊಡುವ ಗಾಡಿಯಾದರೆ ಹೆಚ್ಚುಕಡಿಮೆ 167 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ಅಂತ ಹಿಡಿದರೂ ಹದಿನಾರು ಸಾವಿರ ದಾಟಿತು. ವರ್ಷಕ್ಕೆ 36,000 ಕಿಲೋಮೀಟರ್ ಅಂದರೆ ಮೂರ್ನಾಲ್ಕು ಸರ್ವಿಸು, ವರ್ಷದ ಕೊನೆಗೆ ನಾಲ್ಕೂ ಟೈರಿನ ಚಿಂತೆ. ಹೆಬ್ಬಾಳು ಟೋಲಿಗೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಇದೆಯಲ್ಲ ಅಂತ ನೆಮ್ಮದಿಯಾಗಿರಬೇಡಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಬಂದ ಆ ಪಾಸು ‘ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು’. ಟೋಲ್ ಗೇಟ್ ಒಂದು ಸಲ ದಾಟಿದರೆ ಒಂದು ಟ್ರಿಪ್. ದಿನಕ್ಕೆ ಎರಡು, ತಿಂಗಳಿಗೆ ಐವತ್ತು, ನಾಲ್ಕು ತಿಂಗಳಿಗೆ ‘ವಾರ್ಷಿಕ’ ಪಾಸ್ ಖಲಾಸ್. ಆದರೂ ಬಿಡಿಯಾಗಿ ಕೊಡುವುದಕ್ಕಿಂತ ಅಗ್ಗವೇ, ವರ್ಷಕ್ಕೆ ಮೂರು ಬೇಕಾಗುತ್ತವೆ ಅಂತ ಗೊತ್ತಿದ್ದರೆ ಸಾಕು. ನಾಲ್ಕು ಜನ ಸೇರಿ ಪೆಟ್ರೋಲ್ ಹಂಚಿಕೊಂಡರೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ನಾಲ್ವರ ಡ್ಯೂಟಿ ಒಂದೇ ಹೊತ್ತಿಗೆ ಬಿಡಬೇಕು, ಗಾಡಿಯವರು ರಜೆ ಹಾಕಿದ ದಿನಕ್ಕೆ ಬದಲಿ ಇರಬೇಕು.

ಬೈಕಿಗೆ ಟೋಲ್ ಇಲ್ಲ ಅಂತ ಬೈಕ್ ಹತ್ತುವವರಿಗೆ ಒಂದೇ ಮಾತು: ಬೇಡ. ಮೆಕ್ಕೆಜೋಳದ ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ಮೇಲೆ ಕಾಳು ಒಣಹಾಕಿರುತ್ತಾರೆ, ಕತ್ತಲಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಮುಂದೆಯೇ ಇದ್ದರೂ ಕಾಣುವುದಿಲ್ಲ. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಕಾರು ಓಡಿಸುವವರಿಗೂ ಇದೇ ಉತ್ತರ.

ರೈಲು? ದುರ್ಗದಿಂದ ದಾವಣಗೆರೆಗೆ ಸದ್ಯ ಚಿಕ್ಕಜಾಜೂರು ಸುತ್ತಿಕೊಂಡೇ ಹೋಗಬೇಕು. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗ ನಂಬಿಕೊಂಡು ಈಗಲೇ ನಿರ್ಧಾರ ಮಾಡಬೇಡಿ, ರೈಲು ಓಡಿದ ದಿನ ಲೆಕ್ಕ ತಿದ್ದಿದರಾಯಿತು. ಹರಿಹರದವರ ಅದೃಷ್ಟ ಬೇರೆ, ಮುಖ್ಯ ಮಾರ್ಗದಲ್ಲೇ ಇದ್ದಾರೆ. ರೈಲ್ವೆಯ ತಿಂಗಳ ಸೀಸನ್ ಟಿಕೆಟ್ 150 ಕಿಲೋಮೀಟರ್‌ವರೆಗೆ ಸಿಗುತ್ತದೆ. ಅದನ್ನು ಹಿಡಿದುಕೊಂಡು ಜನಶತಾಬ್ದಿ, ವಂದೇ ಭಾರತ್ ಹತ್ತಿದರೆ ದಂಡ ಖಚಿತ.

ಹಾಗಾದರೆ ಏನು ಮಾಡಬೇಕು? ಸೇರುವ ಮೊದಲೇ ಮೂರು ದಿನ ಸುಮ್ಮನೆ ಹೋಗಿ ಬನ್ನಿ: ಒಂದು ಸೋಮವಾರ ಬೆಳಗ್ಗೆ, ವಾರದ ಮಧ್ಯೆ ಒಂದು ದಿನ, ಒಂದು ಶನಿವಾರ ಸಂಜೆ. ಬೀಗ ಹಾಕಿದ್ದು, ಬಸ್ಸು ಹೊರಟಿದ್ದು, ಸ್ಟ್ಯಾಂಡ್ ಮುಟ್ಟಿದ್ದು, ಗೇಟು ದಾಟಿದ್ದು, ಈ ನಾಲ್ಕು ಹೊತ್ತು ಬರೆದುಕೊಳ್ಳಿ. ಮೂರರಲ್ಲಿ ಅತಿ ಕೆಟ್ಟ ದಿನವನ್ನೇ ನಿಮ್ಮ ದಿನ ಅಂತ ಹಿಡಿಯಿರಿ. ಒಂದು ಕಡೆಗೆ ಅದು ಒಂದೂವರೆ ಗಂಟೆಯೊಳಗಿದ್ದರೆ ಅಪ್‌ಡೌನ್ ಮಾಡಿ, ವರ್ಷಗಟ್ಟಲೆ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಪ್ರೊಬೇಷನ್ ಮುಗಿಯುವವರೆಗೆ ಮಾತ್ರ. ಶಿಫ್ಟ್ ಕೆಲಸವಾದರೆ ಮೊದಲ ದಿನದಿಂದಲೇ ಅಲ್ಲಿ ಇರಿ. ಸರ್ಕಾರಿ ಹುದ್ದೆಯಾದರೆ ಆದೇಶದಲ್ಲಿ ‘ಕೇಂದ್ರಸ್ಥಾನದಲ್ಲಿ ವಾಸ’, ಅಂದರೆ ಕೆಲಸದ ಊರಿನಲ್ಲೇ ಇರಬೇಕು ಎಂಬ ಷರತ್ತು ಇದೆಯೇ ನೋಡಿ. ಇದ್ದರೆ ಈ ಚರ್ಚೆಯೇ ಇಲ್ಲ.

ಮನೆ ಮಾಡುವುದು ಅಂದ ಕೂಡಲೇ ಲಾರಿಗೆ ಬೀರು ಹೇರಬೇಕಿಲ್ಲ. ಕಾಲೇಜುಗಳ ಊರಾದ್ದರಿಂದ ದಾವಣಗೆರೆಯಲ್ಲಿ ಪಿ.ಜಿ.ಗಳಿಗೆ, ಹಂಚಿಕೊಳ್ಳುವ ರೂಮುಗಳಿಗೆ ಬರವಿಲ್ಲ. ಸೋಮವಾರ ಬಟ್ಟೆ ಚೀಲ ಹಿಡಿದು ಹೋಗಿ ಶನಿವಾರ ಬನ್ನಿ. ಸಂಸಾರವನ್ನು ಮಕ್ಕಳ ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಕರೆದೊಯ್ಯಿರಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ‘ಮಧ್ಯೆ ಭರಮಸಾಗರದಲ್ಲಿ ಮನೆ ಮಾಡೋಣ’ ಎಂಬ ರಾಜಿ ಸೂತ್ರ ಕೇಳಲು ಚೆಂದ, ಮಾಡಿದರೆ ಇಬ್ಬರೂ ಬಸ್ಸಿಗೆ ಕಾಯುತ್ತಾರೆ, ಎಲ್ಲ ಎಕ್ಸ್‌ಪ್ರೆಸ್ಸುಗಳೂ ಅಲ್ಲಿ ನಿಲ್ಲುವುದಿಲ್ಲ. ಯಾರ ಡ್ಯೂಟಿಯ ಹೊತ್ತು ಹಿಂದೆ ಮುಂದೆ ಸರಿಯುವುದಿಲ್ಲವೋ ಅವರ ಊರಿನಲ್ಲಿ ಮನೆ ಇರಲಿ.

ಮನೆ ಅಂದ ಮೇಲೆ, ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ವಾಸ್ತು ಹೇಗಿದೆ ಅಂತ ಎಲ್ಲ ಕೇಳುತ್ತಾರೆ. ಸಂಪು ಎಷ್ಟು ಲೀಟರಿನದು ಅಂತ ಕೇಳುವುದಿಲ್ಲ. ದಾವಣಗೆರೆಗೆ ನೀರು ತುಂಗಭದ್ರಾ ನದಿಯಿಂದಲೂ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದಲೂ ಬರುತ್ತದೆ. ನಾಲೆ ನಿಂತ ಬೇಸಿಗೆಯಲ್ಲಿ ನಲ್ಲಿಯ ಸರದಿ ದೂರವಾಗುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ನಾಲ್ಕು ಜನಕ್ಕೆ 540. ಎಂಟು ದಿನಕ್ಕೊಮ್ಮೆ ನೀರು ಬಿಟ್ಟರೆ 4,320 ಲೀಟರ್ ಹಿಡಿಯುವ ಜಾಗ ಬೇಕು, ಕೆಳಗಿನ ಮನೆಯವರದೂ ಅದೇ ಸಂಪಾದರೆ ಇದರ ಎರಡರಷ್ಟು. ಮಾಲೀಕರ ಬಾಯಿಮಾತು ನಂಬದೆ ಟೇಪು ಹಿಡಿದು ಉದ್ದ, ಅಗಲ, ಆಳ ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಕ್ಕಿತು. ಬೋರ್ ಇದೆ ಅಂದರೆ ಮೇ ತಿಂಗಳಲ್ಲೂ ಇರುತ್ತದೆಯೇ ಅಂತ ಪಕ್ಕದ ಮನೆಯವರನ್ನು ಕೇಳಿ.

ಕರಾರುಪತ್ರ 11 ತಿಂಗಳಿಗೇ ಯಾಕೆ ಮಾಡುತ್ತಾರೆ ಅಂತಲೂ ತಿಳಿದಿರಲಿ. ಅವಧಿ ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು. ಸಹಿ ಹಾಕುವ ಮುಂಚೆ ನೋಟಿಸ್ ಅವಧಿ ಒಂದು ತಿಂಗಳು ಅಂತ ಬರೆಸಿ. ಪ್ರೊಬೇಷನ್‌ನಲ್ಲಿ ಇರುವವರು ‘ಇಷ್ಟು ತಿಂಗಳು ಬಿಡುವಂತಿಲ್ಲ’ ಎಂಬ ಷರತ್ತಿಗೆ ಒಪ್ಪಬೇಡಿ. ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದೂ ಅಂಕಿಯಲ್ಲೇ ಇರಲಿ.

ಇನ್ನು ಏರಿಯಾ. ವಾರವಾರ ದುರ್ಗಕ್ಕೆ ಹೋಗಬೇಕಲ್ಲ ಅಂತ ಬಸ್ ಸ್ಟ್ಯಾಂಡಿನ ಹತ್ತಿರವೇ ಮನೆ ಹುಡುಕುತ್ತಾರೆ. ಸ್ಟ್ಯಾಂಡಿಗೆ ನೀವು ಹೋಗುವುದು ವಾರಕ್ಕೆ ಎರಡು ಸಲ, ಕೆಲಸದ ಗೇಟಿಗೆ ಹನ್ನೆರಡು ಸಲ. ಗೇಟಿನ ಹತ್ತಿರ ಹಿಡಿಯಿರಿ.