ಪಾರದರ್ಶಕತೆ ಅಂದರೆ ಅರ್ಜಿ ಹಾಕಿಸಿಕೊಳ್ಳುವುದಲ್ಲ

ಬೇಸಿಗೆ ಬಂತೆಂದರೆ ಕಾರವಾರ, ಅಂಕೋಲಾ, ಶಿರಸಿ ಕಡೆ ಟ್ಯಾಂಕರ್ ಜೊತೆಗೇ ಈ ಪದವೂ ಓಡಾಡತೊಡಗುತ್ತದೆ. ‘ನೀರು ಪೂರೈಕೆ ಪಾರದರ್ಶಕವಾಗಿದೆ.’ ‘ಅವರು ಪಾರದರ್ಶಕ ಮನುಷ್ಯ.’ ‘ಅರ್ಜಿ ಕೊಡಿ, ಮಾಹಿತಿ ಕೊಡುತ್ತೇವೆ, ನಮ್ಮಲ್ಲಿ ಪಾರದರ್ಶಕತೆ ಇದೆ.’ ಮೂರೂ ತಪ್ಪು. ಮೂರನೆಯದು ಜಾಸ್ತಿ ತಪ್ಪು. (‘ಪಾರದರ್ಶಿಕತೆ’ ಎಂದು ಬರೆಯುವವರಿಗೆ ನಮಸ್ಕಾರ ಅಷ್ಟೇ.)

ಪಾರ ಎಂದರೆ ಆಚೆಯ ದಡ. ‘ಪಾರಾದೆ’ ಅನ್ನುವಾಗ ಬರುವುದೂ ಅದೇ ಪಾರ. ದರ್ಶಕ ಎಂಬುದಕ್ಕೆ ನೋಡುವವನು ಎಂದೂ ಅರ್ಥವಿದೆ, ತೋರಿಸುವವನು ಎಂದೂ ಇದೆ. ಇಲ್ಲಿ ಬೇಕಾದ್ದು ಎರಡನೆಯದು. ಮಾರ್ಗದರ್ಶಕ ದಾರಿ ತೋರಿಸುತ್ತಾನೆ, ಅಲ್ವಾ? ಹಾಗೆ ಪಾರದರ್ಶಕವಾದದ್ದು ಆಚೆ ಇರುವುದನ್ನು ತೋರಿಸಬೇಕು. ಕೆಲಸ ತೋರಿಸುವವರದ್ದು. ಆಚೆ ನೋಡಲು ಕಿಟಕಿಯ ಗಾಜಿಗೆ ಯಾರೂ ಅರ್ಜಿ ಹಾಕುವುದಿಲ್ಲ.

ಪ್ರಾಮಾಣಿಕತೆ ಬೇರೆ ವಿಷಯ. ಒಂದು ಪೈಸೆ ಮುಟ್ಟದ ಅಧಿಕಾರಿ ಕಡತವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅವರು ಒಳ್ಳೆಯವರು, ಕಚೇರಿ ಮಾತ್ರ ಪಾರದರ್ಶಕವಲ್ಲ.

ಕಾನೂನಿಗೆ ಈ ಅರ್ಥ ಚೆನ್ನಾಗಿ ಗೊತ್ತಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ನಮಗೆ ನೆನಪಾಗುವುದು ಸೆಕ್ಷನ್ 6ರ ಅರ್ಜಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಕಾಯುವಿಕೆ. ಅದಕ್ಕೂ ಮೊದಲು ಸೆಕ್ಷನ್ 4 ಕೂತಿದೆ. ಬಜೆಟ್ ಎಷ್ಟು, ತೀರ್ಮಾನ ಹೇಗೆ ಆಗುತ್ತದೆ, ಯಾರ ಜವಾಬ್ದಾರಿ ಏನು, ಇವನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು. ತೀರ್ಮಾನದ ಬಿಸಿ ಯಾರಿಗೆ ತಟ್ಟುತ್ತದೋ ಅವರಿಗೆ ಕಾರಣ ಹೇಳಬೇಕು. ನೀರಿನ ದರ ಏರಿದಾಗ ಆ ಕಾರಣ ನಿಮ್ಮ ಮನೆಗೆ ಬಂದಿತ್ತಾ?

ಕರೆಂಟಿನ ವಿಷಯದಲ್ಲಿ ವ್ಯವಸ್ಥೆ ಬೇರೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಹೆಸ್ಕಾಂ ದರ ಏರಿಸಬೇಕಾದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಬೇಕು. ಅರ್ಜಿ ಪ್ರಕಟವಾಗಬೇಕು, ಜನರ ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ಆದೇಶ. ಆಯೋಗವೂ ಪಾರದರ್ಶಕವಾಗಿ ನಡೆದುಕೊಳ್ಳಬೇಕು ಎಂದು ಸೆಕ್ಷನ್ 86 ಬಾಯಿಬಿಟ್ಟೇ ಹೇಳುತ್ತದೆ. ನಳದ ನೀರಿನ ದರಕ್ಕೆ ನಮ್ಮಲ್ಲಿ ಇಂಥ ಆಯೋಗವಿಲ್ಲ. ಮಹಾರಾಷ್ಟ್ರ 2005ರಲ್ಲೇ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರಕ್ಕೆ ಕಾಯ್ದೆ ಮಾಡಿತು. ಅದು ನಿಗದಿ ಮಾಡುವುದು ಸಗಟು ನೀರಿನ ದರ ಮಾತ್ರ, ಮನೆಯ ಬಿಲ್ಲು ಅದರ ಕೈಯಲ್ಲಿಲ್ಲ.

ದರದ ಹಾಗೆ ಗುಣಮಟ್ಟವೂ. ಅಮೆರಿಕದ ಕುಡಿಯುವ ನೀರಿನ ಕಾಯ್ದೆಗೆ 1996ರಲ್ಲಿ ತಿದ್ದುಪಡಿ ಬಂದ ಮೇಲೆ ನೀರು ಪೂರೈಸುವವರು ನೀರಿನ ಮೂಲ ಯಾವುದು, ಪರೀಕ್ಷೆಯಲ್ಲಿ ಏನೇನು ಸಿಕ್ಕಿತು ಎಂದು ವರ್ಷಕ್ಕೊಮ್ಮೆಯಾದರೂ ಗ್ರಾಹಕರಿಗೆ ತಿಳಿಸಲೇಬೇಕು. ಗಂಗಾವಳಿಯಿಂದ ಕಾರವಾರಕ್ಕೆ ಬರುವ ನೀರಿನಲ್ಲಿ ಏಪ್ರಿಲ್‌ನಲ್ಲಿ ಉಪ್ಪು ಎಷ್ಟು, ಕೆಂಗ್ರೆ ಹೊಳೆಯ ನೀರು ಶಿರಸಿ ಮುಟ್ಟುವ ಮೊದಲು ಯಾವ ಪರೀಕ್ಷೆ ದಾಟುತ್ತದೆ ಎಂಬುದೂ ಹೀಗೆ ಕೇಳದೆಯೇ ಬಿಲ್ಲಿನ ಹಿಂದೆ ಅಚ್ಚಾಗಬಹುದಲ್ಲ. ಕಾಗದಕ್ಕೇನೂ ಬರವಿಲ್ಲ.

ಪೂರೈಕೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಇನ್ನೊಂದು ತೊಡಕು. ‘ವ್ಯಾಪಾರದ ಗುಟ್ಟು’ ಎಂಬ ಉತ್ತರ ತಯಾರಿರುತ್ತದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8ರಲ್ಲಿ ಆ ವಿನಾಯಿತಿ ಇರುವುದು ನಿಜ. ಆದರೆ ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂದೂ ಅದೇ ವಾಕ್ಯದಲ್ಲಿದೆ. ಅರ್ಧ ವಾಕ್ಯ ಓದಿ ಉತ್ತರ ಬರೆಯುವವರಿಗೆ ಪೂರ್ತಿ ಓದಲು ಹೇಳಿ. ಗುತ್ತಿಗೆಯ ಕರಾರನ್ನೇ ಪ್ರಕಟಿಸಬೇಕೆಂದು ಟೆಂಡರಿನಲ್ಲೇ ಬರೆದುಬಿಟ್ಟರೆ ಈ ಜಗಳವೇ ಹುಟ್ಟುವುದಿಲ್ಲ.