ಬಿಗಿದ ಭುಜ ಮತ್ತು ವಾರ್ಮ್ ಅಪ್: ಎಳೆಯುವ ಮೊದಲು ನೋಡಬೇಕಾದದ್ದು

ಶಿರಸಿಯ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ನೋಡಲು ಹೋದಾಗ ಅಂಕಣದ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೈಯನ್ನು ನಾಲ್ಕು ಸಲ ಬೀಸುವುದು, ಮೊಣಕೈ ಹಿಡಿದು ತಲೆಯ ಹಿಂದಕ್ಕೆ ಎಳೆಯುವುದು, ಆಮೇಲೆ ನೇರವಾಗಿ ಸ್ಮ್ಯಾಶ್. ಭುಜ ಬಿಗಿ ಎನ್ನುವ ಆಟಗಾರ ಅದೇ ಎಳೆತವನ್ನು ಇನ್ನಷ್ಟು ಜೋರಾಗಿ ಮಾಡುತ್ತಾನೆ. ದೈಹಿಕ ಶಿಕ್ಷಣ ಓದುತ್ತಿರುವ ನಾವು ಅವನನ್ನು ಮೊದಲು ಕೇಳಬೇಕಾದದ್ದು ಇಷ್ಟೇ: ಬಿಗಿಯಾಗಿರುವುದು ಯಾವುದು?

ಭುಜದ ರಚನೆಯನ್ನು ನೆನಪಿಡಲು ಶಾಲಾ ಕ್ರೀಡಾಕೂಟದ ನಿಂಬೆ-ಚಮಚದ ಓಟ ಸಾಕು. ತೋಳಿನ ಮೂಳೆಯ ತಲೆ ದೊಡ್ಡದು, ಗುಂಡಗಿನದು. ಅದು ಕೂರುವ ಗುಳಿ ಇರುವುದು ಹೆಗಲ ಮೂಳೆಯಲ್ಲಿ, ಆಳವಿಲ್ಲದ್ದು. ನಿಂಬೆ ಬೀಳದಂತೆ ಚಮಚವೂ ಜೊತೆಗೇ ಹೊಂದಿಕೊಳ್ಳುತ್ತಿರಬೇಕು. ಕೈ ಪೂರ್ತಿ 180 ಡಿಗ್ರಿ ಮೇಲೇರುವಾಗ ಸುಮಾರು 120 ಡಿಗ್ರಿ ಭುಜದ ಕೀಲಿನಿಂದ ಬಂದರೆ, 60 ಡಿಗ್ರಿ ಹೆಗಲ ಮೂಳೆ ತಿರುಗುವುದರಿಂದ ಬರುತ್ತದೆ. ಗುಂಡನ್ನು ಗುಳಿಯ ಮಧ್ಯದಲ್ಲಿ ಹಿಡಿದಿಡುವ ಕೆಲಸ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳದ್ದು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಹೆಸರು ಬಾಯಿಪಾಠ ಮಾಡುವುದು ಸುಲಭ. ಇವು ದಣಿದಾಗಲೂ ಆಟಗಾರ 'ಬಿಗಿ' ಎಂದೇ ಹೇಳುತ್ತಾನೆ ಎಂಬುದನ್ನು ಮರೆಯಬಾರದು.

ಈಗ ಅಳತೆಗೆ ಬರೋಣ. ಪರೀಕ್ಷೆಯಲ್ಲೂ ಮೈದಾನದಲ್ಲೂ ಎಡವುವುದು ಇಲ್ಲಿಯೇ. ಆಟಗಾರನನ್ನು ಅಂಗಾತ ಮಲಗಿಸಿ, ತೋಳನ್ನು ಭುಜದ ನೇರಕ್ಕೆ ಪಕ್ಕಕ್ಕೆ ಚಾಚಿಸಿ, ಮೊಣಕೈ ಮಡಿಸಿ ಮುಂಗೈ ಚಾವಣಿಯತ್ತ ನಿಲ್ಲುವಂತೆ ಮಾಡಿ. ಅಂಗೈಯನ್ನು ಪಾದದ ದಿಕ್ಕಿಗೆ ಇಳಿಸಿದರೆ ಒಳತಿರುವು, ತಲೆಯ ದಿಕ್ಕಿಗೆ ಇಳಿಸಿದರೆ ಹೊರತಿರುವು. ಒಳತಿರುವು ಅಳೆಯುವಾಗ ಭುಜದ ಮುಂಭಾಗವನ್ನು ಒಂದು ಕೈಯಿಂದ ಮೆಲ್ಲಗೆ ಒತ್ತಿ ಹಿಡಿಯದಿದ್ದರೆ ಹೆಗಲ ಮೂಳೆ ಎದ್ದುಬಂದು ಸುಳ್ಳು ಲೆಕ್ಕ ಕೊಡುತ್ತದೆ.

ಒಬ್ಬ ಬಲಗೈ ಆಟಗಾರನ ಅಳತೆ ಹೀಗಿದೆ ಎನ್ನೋಣ: ಬಲಗಡೆ ಹೊರತಿರುವು 105, ಒಳತಿರುವು 45; ಎಡಗಡೆ 90 ಮತ್ತು 60. ಬಲಗಡೆ ಒಳತಿರುವು 15 ಡಿಗ್ರಿ ಕಡಿಮೆ ಎಂದು ಗಾಬರಿಯಾಗಬೇಕಿಲ್ಲ. ಹೊರತಿರುವು, ಒಳತಿರುವು ಕೂಡಿಸಿದರೆ ಎರಡೂ ಕಡೆ ತಲಾ 150, ಅಂದರೆ ಒಟ್ಟು ಚಲನೆ ಕಡಿಮೆಯಾಗಿಲ್ಲ. ಚಿಕ್ಕಂದಿನಿಂದ ಎಸೆಯುತ್ತಾ, ಹೊಡೆಯುತ್ತಾ ಬೆಳೆದವರಲ್ಲಿ ತೋಳಿನ ಮೂಳೆಯೇ ಸ್ವಲ್ಪ ಹಿಂದಕ್ಕೆ ತಿರುಚಿಕೊಂಡು ಬೆಳೆದಿರುತ್ತದೆ. ಮೂಳೆಯನ್ನು ಸ್ಟ್ರೆಚಿಂಗ್‌ನಿಂದ ಸರಿಪಡಿಸಲಾಗದು, ಸರಿಪಡಿಸಬೇಕಾಗಿಯೂ ಇಲ್ಲ. ಇನ್ನೊಬ್ಬನ ಬಲಗಡೆ 100 ಮತ್ತು 35 ಬಂದು ಎಡಗಡೆ ಮೊತ್ತ 150 ಇದ್ದರೆ, 15 ಡಿಗ್ರಿ ನಿಜವಾಗಿಯೂ ಕಳೆದುಹೋಗಿದೆ. ಭುಜದ ಹಿಂಭಾಗದ ಸ್ನಾಯು ಅಥವಾ ಕೀಲಿನ ಪೊರೆ ಬಿಗಿದಿರಬಹುದು. ಪಂದ್ಯದ ಮರುದಿನವೇ ಅಳೆಯಬೇಡಿ. ದಣಿದ ಭುಜದಲ್ಲಿ ಒಳತಿರುವು ತಾತ್ಕಾಲಿಕವಾಗಿ ಕಡಿಮೆಯಾಗಿರುತ್ತದೆ.

ಭುಜವೇ ತಪ್ಪಿತಸ್ಥ ಆಗಿರಬೇಕೆಂದೂ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಮೊದಲೇ ಸಂಶಯಿಸಬೇಕು. ಬೆಳಿಗ್ಗೆ ದಡದಲ್ಲಿ ನಿಂತು ಮೀನಿನ ರಂಪಣಿ ಬಲೆಯ ಹಗ್ಗ ಎಳೆದು ಸಂಜೆ ಸರ್ವ್ ಮಾಡುವ ಹುಡುಗರಿದ್ದಾರೆ. ಸುಗ್ಗಿಯಲ್ಲಿ ಅಡಿಕೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಇಳಿಸುವವರಿದ್ದಾರೆ. ಎಳೆಯುವ ಕೆಲಸದ ಭಾರ ಬೀಳುವುದು ಬೆನ್ನಿನ ಅಗಲ ಸ್ನಾಯುವಾದ ಲ್ಯಾಟಿಸಿಮಸ್ ಡಾರ್ಸೈ ಮೇಲೆ. ಅದು ಬಿಗಿದರೆ ಕೈ ಪೂರ್ತಿ ಮೇಲೇರುವುದಿಲ್ಲ. ಪಾದಗಳನ್ನು ತುಸು ಮುಂದಿಟ್ಟು ಗೋಡೆಗೆ ಬೆನ್ನು ಆನಿಸಿ, ಸೊಂಟ ಗೋಡೆಗೆ ತಾಗಿಸಿಕೊಂಡೇ ಎರಡೂ ಕೈಗಳನ್ನು ಎತ್ತಿಸಿ. ಕೈ ಗೋಡೆ ಮುಟ್ಟುವ ಮೊದಲೇ ಸೊಂಟ ಮುಂದಕ್ಕೆ ಬಂದರೆ ಲ್ಯಾಟಿಸಿಮಸ್ ಕಡೆಗೋ ಬಗ್ಗದ ಮೇಲ್ಬೆನ್ನಿನ ಕಡೆಗೋ ಗಮನ ಹರಿಸಬೇಕು. ಇಡೀ ದಿನ ಬೆಂಚಿನ ಮೇಲೆ ಬಾಗಿ ಕೂರುವ ನಮ್ಮಂಥವರಲ್ಲಿ ಎದೆಯ ಚಿಕ್ಕ ಸ್ನಾಯು ಪೆಕ್ಟೊರಾಲಿಸ್ ಮೈನರ್ ಕುಗ್ಗಿ ಹೆಗಲ ಮೂಳೆಯನ್ನು ಮುಂದಕ್ಕೆ ವಾಲಿಸುವುದು ಸಾಮಾನ್ಯ.

ವಾರ್ಮ್ ಅಪ್ ಕ್ರಮಕ್ಕೆ ಕ್ರೀಡಾ ತರಬೇತಿ ತಜ್ಞ ಇಯಾನ್ ಜೆಫ್ರೀಸ್ ಅವರ ರ‍್ಯಾಂಪ್ ಮಾದರಿ ಪಾಠದಲ್ಲಿದೆ: ಮೈ ಬಿಸಿ ಮಾಡು, ಸ್ನಾಯು ಎಚ್ಚರಿಸು, ಕೀಲು ಸಡಿಲಿಸು, ಆಟದ ವೇಗಕ್ಕೆ ಏರು. ಓಟ ನಾಲ್ಕೈದು ನಿಮಿಷ ಸಾಕು. ನಂತರ ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನು ತಲೆಯ ಹಿಂದಿಟ್ಟು ಆ ಮೊಣಕೈಯನ್ನು ಆಕಾಶದತ್ತ ತಿರುಗಿಸಿದರೆ ಮೇಲ್ಬೆನ್ನು ಬಿಡುತ್ತದೆ. ದಂಡದ ಭಂಗಿಯಲ್ಲಿ ಮೊಣಕೈ ಮಡಿಸದೆ ನೆಲವನ್ನು ತಳ್ಳಿ ಬೆನ್ನನ್ನು ಮೇಲೆತ್ತಿದರೆ ಹೆಗಲ ಮೂಳೆಯನ್ನು ಪಕ್ಕೆಲುಬಿಗೆ ಹಿಡಿದಿಡುವ ಸೆರಾಟಸ್ ಸ್ನಾಯು ಕೆಲಸ ಶುರುಮಾಡುತ್ತದೆ. ರಬ್ಬರ್ ಬ್ಯಾಂಡ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ನೆಟ್ಟಿನ ಕಂಬಕ್ಕೆ ಕಟ್ಟಿ. ಮೊಣಕೈ ಪಕ್ಕೆಗೆ ಒತ್ತಿ ಹೊರತಿರುವು, ಬಳಿಕ ತೋಳನ್ನು ಭುಜದ ಮಟ್ಟಕ್ಕೆ ತಂದು ಅದೇ ತಿರುವು. ಹತ್ತು-ಹನ್ನೆರಡು ಸಲ, ದಣಿಯದಷ್ಟು. ಪಂದ್ಯಕ್ಕೆ ಮೊದಲೇ ರೊಟೇಟರ್ ಕಫ್ ದಣಿಸುವವನಿಗೆ ವ್ಯಾಯಾಮದ ಹುಚ್ಚಿದೆ, ಆಟದ ಬುದ್ಧಿಯಿಲ್ಲ. ಕೊನೆಗೆ ಹತ್ತಿರದ ಎಸೆತ, ದೂರದ ಎಸೆತ, ಅರ್ಧ ಬಲದ ಹೊಡೆತ, ಆಮೇಲೆ ಪೂರ್ತಿ ಸ್ಮ್ಯಾಶ್.

ಹಾಗಾದರೆ ಹಿಡಿದು ನಿಲ್ಲುವ ಸ್ಟ್ರೆಚಿಂಗ್? ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದರೆ ಆ ಹೊತ್ತಿಗೆ ಬಲ ತುಸು ಕುಗ್ಗುತ್ತದೆ. 20-30 ಸೆಕೆಂಡಿನಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ನಿಜವಾಗಿ ಒಳತಿರುವು ಕಳೆದುಕೊಂಡವನಿಗೆ ತೋಳನ್ನು ಎದೆಗೆ ಅಡ್ಡವಾಗಿ ಎಳೆಯುವ ಕ್ರಮವನ್ನೇ ನಾನು ಹೇಳುತ್ತೇನೆ, ಅದೂ ಆಟ ಮುಗಿದ ಮೇಲೆ ಅಥವಾ ಮನೆಯಲ್ಲಿ, ದಿನವೂ. ಪಕ್ಕಕ್ಕೆ ಮಲಗಿ ಮುಂಗೈಯನ್ನು ಒತ್ತುವ 'ಸ್ಲೀಪರ್' ಎಳೆತ ಜನಪ್ರಿಯವಾದರೂ ಹಲವರಿಗೆ ಭುಜದ ಮುಂಭಾಗದಲ್ಲಿ ಚುಚ್ಚುತ್ತದೆ.

ವಾರ್ಮ್ ಅಪ್ ಗಾಯ ತಡೆಯುತ್ತದೆಯೇ ಎಂಬುದಕ್ಕೆ ನಾರ್ವೆಯ ಹ್ಯಾಂಡ್‌ಬಾಲ್ ಆಟಗಾರರ ಮೇಲಿನ, 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ಉದಾಹರಿಸಬಹುದು. ವಾರಕ್ಕೆ ಮೂರು ಸಲ, ಹತ್ತು ನಿಮಿಷದ ಭುಜದ ವ್ಯಾಯಾಮವನ್ನು ವಾರ್ಮ್ ಅಪ್‌ನಲ್ಲಿ ಸೇರಿಸಿಕೊಂಡ ತಂಡಗಳಲ್ಲಿ ಭುಜದ ತೊಂದರೆಯ ಅಪಾಯ 28 ಶೇಕಡಾ ಕಡಿಮೆಯಿತ್ತು. ಅದರಲ್ಲಿ ಒಳತಿರುವಿನ ಜೊತೆಗೆ ಹೊರತಿರುವಿನ ಬಲ, ಹೆಗಲ ಮೂಳೆಯ ಸ್ನಾಯುಗಳು, ಮೇಲ್ಬೆನ್ನಿನ ಚಲನೆ ಎಲ್ಲವೂ ಇದ್ದವು.

ಕಾರವಾರದ ಕಡಲತೀರದಲ್ಲಿ ಆಡುವವರಿಗೆ ಬೇರೊಂದು ಮೋಸ ಕಾದಿರುತ್ತದೆ. ಅಲ್ಲಿನ ಸೆಕೆಗೆ ನಿಂತಲ್ಲೇ ಬೆವರು ಇಳಿಯುತ್ತದೆ; ಬೆವರಿದ ಮಾತ್ರಕ್ಕೆ ಭುಜ ಸಿದ್ಧವಾಗಿರುವುದಿಲ್ಲ. ಶಿರಸಿಯಲ್ಲಿ ಇದಕ್ಕೆ ವಿರುದ್ಧ: ಎಂಟು ಗಂಟೆಗೆಂದ ಪಂದ್ಯ ಹನ್ನೊಂದಾದರೂ ಶುರುವಾಗದೆ, ಬಿಸಿಯಾದ ಮೈ ಡಿಸೆಂಬರ್ ಚಳಿಗೆ ಮತ್ತೆ ಆರಿರುತ್ತದೆ. ಆಗ ಮೊದಲಿನಿಂದ ಎಲ್ಲವೂ ಬೇಡ; ಸ್ವೆಟರ್ ತೆಗೆಯದೆ ಎರಡು ನಿಮಿಷ ಓಟ, ಟ್ಯೂಬ್ ಒಂದು ಸುತ್ತು, ನಾಲ್ಕಾರು ಏರುವ ಹೊಡೆತಗಳು ಸಾಕು. ರಾತ್ರಿ ಆ ಭುಜದ ಮೇಲೆ ಮಲಗಲಾಗದಷ್ಟು ನೋವಿದ್ದರೆ, ಕೈ ಎತ್ತುವಾಗ ಬಲವೇ ಬರದಿದ್ದರೆ, ಅವನನ್ನು ಅಂಕಣಕ್ಕೆ ಇಳಿಸದೆ ಫಿಸಿಯೊಥೆರಪಿಸ್ಟ್ ಬಳಿಗೆ ಕಳುಹಿಸಿ.