ಹಸಿ ಮಣ್ಣಲ್ಲಿ ಒಣಗುವ ತೊಗರಿ

"ಹೊಲ ಮಾಡೂದು ಕಲೀಲಿಕ್ಕೆ ನಾಕು ವರ್ಷ ಕಾಲೇಜೇನು?" ತಮ್ಮನ ಮಗಳು ಕಲಬುರಗಿಯ ಕೃಷಿ ಕಾಲೇಜು ಸೇರಿದಾಗ ಊರಲ್ಲಿ ಹಲವರು ಹೀಗೆ ಕೇಳಿದರು. ನನಗೂ ಹಾಗೇ ಅನಿಸಿತ್ತು. ದೀಪಾವಳಿ ರಜೆಗೆ ಬಂದವಳು ನಮ್ಮ ಹೊಲದಲ್ಲೇ ಅದಕ್ಕೆ ಉತ್ತರ ತೋರಿಸಿದಳು.

ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿತ್ತು. ನಡುನಡುವೆ ಕೆಲವು ಗಿಡ ನಿಂತಲ್ಲೇ ಒಣಗಿದ್ದವು. "ನೆಟಿ ಹಾಯ್ದದ" ಅಂದ ತಮ್ಮ. ನಾವೂ ಇಷ್ಟು ವರ್ಷ ಅಷ್ಟೇ ಅಂದುಕೊಂಡು ಸುಮ್ಮನಾಗಿದ್ದೆವು. ಅವಳು ಒಂದು ಗಿಡ ಕಿತ್ತಳು. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿಯೊಂದು ಹತ್ತಿತ್ತು. ಕುಡಗೋಲಿನಿಂದ ಕಾಂಡ ಸೀಳಿದರೆ, ಬೆಳ್ಳಗಿರಬೇಕಾದ ಕಟ್ಟಿಗೆಯ ಒಳಗೆ ಕಂದು, ಕಪ್ಪು ಗೆರೆಗಳು. "ದೊಡ್ಡಪ್ಪ, ಈಗ ಮಣ್ಣು ಮುಟ್ಟಿ ನೋಡ್ರಿ." ಮಣ್ಣು ಹಸಿಯಾಗಿಯೇ ಇತ್ತು!

ನೀರು ಇದೆ, ಏರಲು ದಾರಿ ಇಲ್ಲ. ನೆಟೆ ರೋಗ ಅಂದರೆ ಇದೇ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳನುಗ್ಗಿ, ನೀರು ಸಾಗುವ ಕೊಳವೆಗಳಲ್ಲೇ ಬೆಳೆಯುತ್ತದೆ. ಗಿಡ ಚಿಕ್ಕದಿದ್ದಾಗ ಹೇಗೋ ತಡೆಯುತ್ತದೆ. ಹೂವು, ಕಾಯಿ ಹಿಡಿಯುವಾಗ ನೀರು ಜಾಸ್ತಿ ಬೇಕು, ಆಗಲೇ ಕುಸಿಯುತ್ತದೆ. ಬೆಳೆ ಕೈಗೆ ಬರುವ ಹೊತ್ತಿಗೆ ಹೀಗಾದರೆ ರೈತನ ಹೊಟ್ಟೆ ಉರಿಯದೆ ಇರುತ್ತದಾ? 2022ರಲ್ಲಿ ಕಲಬುರಗಿ ಜಿಲ್ಲೆಯ ಎಷ್ಟೋ ಹೊಲಗಳು ಹೀಗೇ ಒಣಗಿದ್ದನ್ನು ನಾವ್ಯಾರೂ ಮರೆತಿಲ್ಲ.

ಈ ಶಿಲೀಂಧ್ರ ಹಳೆಯ ಕೂಳೆ, ಬೇರುಗಳಲ್ಲಿ ಸುಮಾರು ಮೂರು ವರ್ಷ ಬದುಕುತ್ತದೆ. ಅದಕ್ಕೇ ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿ ಬಿತ್ತಿದರೆ ರೋಗಕ್ಕೆ ನಾವೇ ಊಟ ಹಾಕಿದಂತೆ. ಜೋಳದ ಜೊತೆ ಬಿತ್ತಿದರೆ ನೆಟೆ ಕಡಿಮೆ. ನಮ್ಮಜ್ಜ ಅಕ್ಕಡಿ ಸಾಲು, ಅಂದರೆ ಒಂದು ಬೆಳೆಯ ನಡುವೆ ಇನ್ನೊಂದು ಬೆಳೆಯ ಸಾಲು, ಬಿಡುತ್ತಿದ್ದುದು ನೆನಪಾಯಿತು. ಅವರಿಗೆ ರೂಢಿ ಗೊತ್ತಿತ್ತು. ಮರಿಮೊಮ್ಮಗಳಿಗೆ ಕಾರಣವೂ ಗೊತ್ತು.

ಇನ್ನೊಂದು ದಾರಿ ರೋಗ ತಡೆಯುವ ತಳಿ. 1980ರ ದಶಕದಲ್ಲಿ ಬಂದ 'ಮಾರುತಿ' ನೆಟೆಯನ್ನು ಚೆನ್ನಾಗಿ ತಡೆಯಿತು. ಆದರೆ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಯಿತು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ವೈರಸ್ ರೋಗ. ಗಿಡ ಹಸಿರಾಗೇ ನಿಂತಿರುತ್ತದೆ, ಹೂವೇ ಬಿಡುವುದಿಲ್ಲ. ಒಂದು ಬಾಗಿಲು ಹಾಕಿದರೆ ಇನ್ನೊಂದು ತೆರೆಯುತ್ತದೆ. ಆಮೇಲೆ ಬಂದ 'ಆಶಾ' ಎರಡನ್ನೂ ತಡೆಯುವ ತಳಿ. ಹೈದರಾಬಾದಿನ ಪಕ್ಕದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಬೇರೆ ಸಂಸ್ಥೆಗಳ ಜೊತೆ ಸೇರಿ ತೊಗರಿಯ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಮಾಹಿತಿ, ಓದಿದ್ದು ಇದೇ ತಳಿಯಿಂದ. 48,680 ಜೀನ್‌ಗಳ ಅಂದಾಜು ಸಿಕ್ಕಿತು. ಬೇಳೆ ಸಾರಿನ ತೊಗರಿಯೊಳಗೆ ಇಷ್ಟೊಂದು ಇದೆ ಅಂದರೆ ನನಗೆ ಈಗಲೂ ಬೆರಗು.

ಹೊಸ ತಳಿಗಾಗಿ ಎರಡು ತಳಿ ಕೂಡಿಸುವುದನ್ನೂ ಅವಳು ಹೊಲದಲ್ಲೇ ತೋರಿಸಿದಳು. ನಾಳೆ ಅರಳಲಿರುವ ಮೊಗ್ಗು ಬೇಕು. ಚಿಮಟದಿಂದ ಹಳದಿ ಎಸಳು ಮೆಲ್ಲಗೆ ಬಿಡಿಸಿದಳು. ಒಳಗೆ ಹತ್ತು ಕೇಸರ. ಒಂಬತ್ತು ಕೂಡಿಕೊಂಡಿವೆ, ಒಂದು ಮಾತ್ರ ಬೇರೆ. ನಡುವಿನ ಅಂಡಾಶಯಕ್ಕೆ ಗಾಯವಾಗದಂತೆ ಹತ್ತನ್ನೂ ತೆಗೆಯಬೇಕು. ಆಮೇಲೆ ಬೇರೆ ತಳಿಯ ಪರಾಗ ಸವರಿ, ದಾರ ಕಟ್ಟಿ ಗುರುತಿಡಬೇಕು. ನಾನು ಮಾಡಲು ಹೋದ ಮೂರು ಮೊಗ್ಗೂ ಹರಿದವು. ತೊಗರಿಗೆ ಜೇನ್ನೊಣ ಬಹಳ ಬರುತ್ತದೆ. ಹಾಗಾಗಿ ಬೀಜ ಬೆರಕೆಯಾಗದ ಹಾಗೆ ಗಿಡಕ್ಕೆ ಪರದೆಯನ್ನೂ ಕಟ್ಟುತ್ತಾರಂತೆ.

ಈ ಓದು ಬೇಕೆನ್ನುವವರು ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲೂ ಕೃಷಿ ಕಾಲೇಜಿದೆ. ಹಣ್ಣು, ತರಕಾರಿ, ಹೂವಿನ ಕಡೆ ಮನಸ್ಸಿದ್ದರೆ ಬೀದರಿನ ತೋಟಗಾರಿಕೆ ಕಾಲೇಜು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಬೀಜ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವುದೂ ಓದಿನ ಭಾಗ.

ಆ ಸಂಜೆ ನಾವು ಒಣಗಿದ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು, ಬದುವಿನ ಆಚೆ ಸುಟ್ಟೆವು. ಮೊದಲೆಲ್ಲ ಆ ಕಟಗಿಯನ್ನು ಅಲ್ಲೇ ಬಿಡುತ್ತಿದ್ದೆವು. ಮುಂದಿನ ಮುಂಗಾರಿಗೆ ಆ ತುಂಡು ಹೊಲದಲ್ಲಿ ತೊಗರಿ ಬಿತ್ತಲಿಲ್ಲ. ಈಗ ಅಲ್ಲಿ ಜೋಳ ತೆನೆ ಕಟ್ಟುತ್ತಿದೆ.